ಹಾಡು ಬೇಡ ಅಂದ ವೀಣೆಗಾರ

2019ರಲ್ಲಿ ‘ಕೈದಿ’ ಬಂದಾಗ ನನ್ನ ಟೈಮ್‌ಲೈನ್ ತುಂಬ ಒಂದೇ ಮಾತು. ಹಾಡೇ ಇಲ್ಲದ ತಮಿಳು ಸಿನಿಮಾ, ಎಂಥ ಧೈರ್ಯ ಅಲ್ವಾ ಅಂತ. ಧೈರ್ಯವೇ, ಇಲ್ಲ ಅನ್ನಲ್ಲ. ಆದರೆ ಮದ್ರಾಸಿನ ಎವಿಎಂ ಸ್ಟುಡಿಯೋದವರು ಈ ಕೆಲಸವನ್ನು 1954ರಲ್ಲೇ ಮಾಡಿ ಮುಗಿಸಿದ್ದರು. ಸಿನಿಮಾ ಹೆಸರು ‘ಅಂದ ನಾಳ್’. ಹಾಡಿಲ್ಲ, ಡ್ಯಾನ್ಸ್ ಇಲ್ಲ, ಫೈಟೂ ಇಲ್ಲ. ಒಂದು ಕೊಲೆ, ಮನೆ ತುಂಬ ಅನುಮಾನ, ಅಷ್ಟೇ.

ಇದನ್ನು ಮಾಡಿದವರು ಯಾರು ಅಂತ ನೋಡಿದರೆ ಇನ್ನೂ ಮಜಾ. ನಿರ್ದೇಶಕ ಎಸ್. ಬಾಲಚಂದರ್. ಹೌದು, ವೀಣೆ ಬಾಲಚಂದರ್ ಅವರೇ. ಮುಂದೆ ಕರ್ನಾಟಕ ಸಂಗೀತದ ಮೂಲ ರಾಗಗಳಾದ 72 ಮೇಳಕರ್ತಗಳನ್ನೂ ನುಡಿಸಿ ರೆಕಾರ್ಡ್ ಮಾಡಿದ ಪುಣ್ಯಾತ್ಮ. ಸಿನಿಮಾ ಮಾಡುವಾಗ ಅವರಿಗೆ 27 ವರ್ಷ. ದುಡ್ಡು ಹಾಕಿದ ಎವಿಎಂ ಮಾಲೀಕ ಎ.ವಿ. ಮೇಯಪ್ಪನ್ ಸಿನಿಮಾಗೆ ಬಂದದ್ದೇ ಸರಸ್ವತಿ ಸ್ಟೋರ್ಸ್ ಅಂತ ಗ್ರಾಮಫೋನ್ ರೆಕಾರ್ಡಿನ ವ್ಯಾಪಾರ ಮಾಡಿಕೊಂಡು. ಒಬ್ಬರು ಸಂಗೀತ ನುಡಿಸುವವರು, ಇನ್ನೊಬ್ಬರು ಸಂಗೀತ ಮಾರುವವರು. ಇಬ್ಬರೂ ಸೇರಿ ಒಂದು ರೆಕಾರ್ಡೂ ಮಾರಾಟವಾಗದ ಸಿನಿಮಾ ಮಾಡಿದರು!

ಕಥೆ ಎರಡನೇ ಮಹಾಯುದ್ಧದ ಕಾಲದ್ದು. 1943ರ ಅಕ್ಟೋಬರ್‌ನಲ್ಲಿ ಜಪಾನಿನ ವಿಮಾನ ಮದ್ರಾಸಿನ ಮೇಲೆ ನಿಜವಾಗಿಯೂ ಬಾಂಬ್ ಹಾಕಿತ್ತು. ಅದರ ಬೆನ್ನಿಗೇ ರಾಜನ್ ಎಂಬ ರೇಡಿಯೋ ಎಂಜಿನಿಯರ್ ಗುಂಡೇಟಿಗೆ ಬಲಿಯಾಗುತ್ತಾನೆ. ಆ ರಾಜನ್ ಶಿವಾಜಿ ಗಣೇಶನ್! ಜನ ಯಾರನ್ನು ನೋಡಲು ಟಿಕೆಟ್ ತಗೊಂಡು ಬಂದಿದ್ದರೋ ಅವರೇ ಸಿನಿಮಾ ಶುರುವಾಗುತ್ತಿದ್ದ ಹಾಗೆ ಹೆಣ. ಆಮೇಲೆ ಸಿಐಡಿ ಬರುತ್ತಾನೆ. ಆ ಪಾತ್ರ ಮಾಡಿದ ಜಾವರ್ ಸೀತಾರಾಮನ್ ಅವರೇ ಚಿತ್ರಕಥೆಯನ್ನೂ ಬರೆದವರು. ಹೆಂಡತಿ, ತಮ್ಮ, ತಮ್ಮನ ಹೆಂಡತಿ, ಪಕ್ಕದ ಮನೆಯವನು, ಒಬ್ಬ ನರ್ತಕಿ, ಎಲ್ಲರೂ ತಮ್ಮ ತಮ್ಮ ಕಥೆ ಹೇಳುತ್ತಾರೆ. ಒಬ್ಬೊಬ್ಬರ ಮಾತಿನಲ್ಲಿ ಒಬ್ಬೊಬ್ಬ ರಾಜನ್.

ಒಂದೇ ಘಟನೆಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುವ, ಜಪಾನಿನ ನಿರ್ದೇಶಕ ಕುರೊಸಾವಾ ಅವರ ‘ರಾಶೊಮಾನ್’ ನೋಡಿ ಹುಟ್ಟಿದ ಯೋಚನೆ ಇದು. ಹಾಗಂತ ಕಾಪಿ ಅನ್ನಬೇಡಿ. ಅಲ್ಲಿ ನಿಜ ಏನು ಅಂತ ಕೊನೆಗೂ ಗೊತ್ತಾಗಲ್ಲ. ಇಲ್ಲಿ ಕೊಲೆಗಾರ ಸಿಗುತ್ತಾನೆ, ಅಥವಾ ಸಿಗುತ್ತಾಳೆ. ನಾನಂತೂ ಬಾಯಿ ಬಿಡಲ್ಲ.

ಈಗ ನನ್ನ ವಾದಕ್ಕೆ ಬರ್ತೀನಿ. ಹಾಡು ಇಲ್ಲದಿದ್ದರೆ ಸಿನಿಮಾ ಸಹಜವಾಗಿರುತ್ತೆ, ಅದಕ್ಕೇ ಬಿಟ್ಟರು ಅಂತ ಜಾಸ್ತಿ ಜನ ಹೇಳ್ತಾರೆ. ನನಗೆ ಹಾಗನ್ನಿಸಲ್ಲ. ನಮ್ಮ ಸಿನಿಮಾಗಳಲ್ಲಿ ಹಾಡು ಸುಳ್ಳು ಹೇಳುವುದಿಲ್ಲ. ಪಾತ್ರ ಮಾತಿನಲ್ಲಿ ಎಷ್ಟು ಬೇಕಾದರೂ ಬಚ್ಚಿಡಬಹುದು, ಆದರೆ ಒಂಟಿಯಾಗಿ ಕಿಟಕಿ ಹಿಡಿದು ಹಾಡಿದಳು ಅಂದರೆ ಮುಗೀತು, ನಾವು ನಂಬಿಬಿಡುತ್ತೇವೆ. ರಾಜನ್ ಹೆಂಡತಿಗೆ ಒಂದು ಶೋಕದ ಹಾಡು ಕೊಟ್ಟು ನೋಡಿ. ಆ ಕ್ಷಣವೇ ಅವಳು ಅನುಮಾನದ ಪಟ್ಟಿಯಿಂದ ಹೊರಗೆ. ತಮ್ಮನಿಗೆ ಒಂದು ಹಾಡು ಕೊಟ್ಟರೆ ಅವನೂ ಹೊರಗೆ. ಇಲ್ಲಿ ಎಲ್ಲರ ಹೇಳಿಕೆಯೂ ಒಂದೇ ತೂಕದಲ್ಲಿ ನಿಲ್ಲಬೇಕು. ರಾಗಕ್ಕೆ ಎಷ್ಟು ಶಕ್ತಿ ಇದೆ ಅಂತ ಬೆರಳ ತುದಿಯಲ್ಲಿ ತಿಳಿದವರಿಗೇ ಅದು ಎಲ್ಲಿ ಕೆಲಸ ಕೆಡಿಸುತ್ತೆ ಅಂತಲೂ ಗೊತ್ತಿರುತ್ತೆ. ಕಥೆಯಲ್ಲಿ ನರ್ತಕಿ ಇದ್ದೂ ಅವಳಿಗೊಂದು ಡ್ಯಾನ್ಸ್ ಇಡಲಿಲ್ಲ ನೋಡಿ. ಆಗಿನ ವಿತರಕರು ಎಷ್ಟು ಹೊಟ್ಟೆ ಉರ್ಕೊಂಡಿರಬೇಕು.

ಹಾಡಿಲ್ಲ ಅಂದ ಮಾತ್ರಕ್ಕೆ ಸಂಗೀತವೇ ಇಲ್ಲ ಅಂತಲ್ಲ. ಹಿನ್ನೆಲೆ ಸಂಗೀತ ಇದೆ, ಎವಿಎಂನ ಸ್ವಂತ ವಾದ್ಯವೃಂದದ್ದು. ಅದೂ ನಮ್ಮನ್ನು ಯಾರ ಪರವಾಗಿಯೂ ಎಳೆಯಲ್ಲ. ಮಾರುತಿ ರಾವ್ ಅವರ ಕ್ಯಾಮೆರಾದ ನೆರಳು ಬೆಳಕಿಗೆ ಅಷ್ಟೇ ಸಾಕು.

ಆ ಹೆಂಡತಿ ಉಷಾ ಪಾತ್ರ ಮಾಡಿದ್ದು ನಮ್ಮ ಭಟ್ಕಳದ ಪಂಢರಿಬಾಯಿ. ನಾವು ಅವರನ್ನು ಸದಾ ಕಣ್ಣೀರು ಹಾಕುವ ಅಮ್ಮನಾಗಿಯೇ ನೋಡಿ ನೋಡಿ, ಅವರೊಳಗೆ ಇಂಥ ಗಟ್ಟಿ ನಟಿ ಇದ್ದರು ಅನ್ನೋದನ್ನೇ ಮರೆತಿದ್ದೇವೆ. 1954ರಲ್ಲೇ ‘ಬೇಡರ ಕಣ್ಣಪ್ಪ’ ಕೂಡ ಬಂತು. ಗುಬ್ಬಿ ಕಂಪನಿಯವರ ಜೊತೆ ಕೈ ಜೋಡಿಸಿದ್ದು ಇದೇ ಮೇಯಪ್ಪನ್, ನಾಯಕಿ ಇದೇ ಪಂಢರಿಬಾಯಿ. ಆರ್. ಸುದರ್ಶನಂ ಸಂಗೀತದ ‘ಶಿವಪ್ಪ ಕಾಯೋ ತಂದೆ’ ಇಲ್ಲದ ‘ಬೇಡರ ಕಣ್ಣಪ್ಪ’ವನ್ನು ಊಹಿಸೋಕಾಗುತ್ತಾ? ಆಗಲ್ಲ. ಕಣ್ಣಪ್ಪನನ್ನು ನಾವು ಪೂರ್ತಿ ನಂಬಬೇಕು, ಅವನಿಗೆ ಹಾಡು ಬೇಕೇ ಬೇಕು. ಉಷಾ ವಿಷಯದಲ್ಲಿ ಆ ನಂಬಿಕೆಯೇ ಅಪಾಯ. ಒಂದೇ ವರ್ಷ, ಒಬ್ಬರೇ ನಿರ್ಮಾಪಕರು, ಒಬ್ಬರೇ ನಾಯಕಿ, ಎರಡು ಕಥೆಗೆ ಎರಡು ತೀರ್ಮಾನ.

ಸಿನಿಮಾದಲ್ಲಿ ಕುಂದೇ ಇಲ್ಲ ಅಂತಲ್ಲ. ದೇಶಪ್ರೇಮದ ಮಾತು ಬಂದಾಗ ಎಲ್ಲರೂ ಭಾಷಣಕ್ಕೆ ಇಳಿಯುತ್ತಾರೆ. ವಿಚಾರಣೆಯ ಕೆಲವು ಭಾಗ ನಾಟಕದ ಹಾಗಿದೆ.

ಬಿಡುಗಡೆಯಾದಾಗ ಸಿನಿಮಾ ಓಡಲಿಲ್ಲ. ಒಳ್ಳೆಯ ಹೆಸರು ಬಂದದ್ದು ಆಮೇಲೆ. ಆದರೆ ಬಾಲಚಂದರ್ ಹಾಡಿನ ವೈರಿಯೇನೂ ಆಗಿರಲಿಲ್ಲ. 1964ರಲ್ಲಿ ‘ಬೊಮ್ಮೈ’ ಅಂತ ಇನ್ನೊಂದು ಥ್ರಿಲ್ಲರ್ ಮಾಡಿದರು. ಬೊಂಬೆಯೊಳಗೆ ಬಾಂಬ್ ಇಟ್ಟ ಕಥೆ. ಅದಕ್ಕೆ ಹಾಡು ಹಾಕಿದರು, ಸಂಗೀತವೂ ಅವರದೇ. ತಮಿಳಿನಲ್ಲಿ ಆಗಿನ್ನೂ ಹೊಸಬರಾಗಿದ್ದ ಯೇಸುದಾಸ್ ಅವರನ್ನು ಕರೆಸಿ ಹಾಡಿಸಿದರು. ಆ ಬೊಂಬೆ ಊರೆಲ್ಲ ಸುತ್ತುತ್ತಾ ಇರುತ್ತೆ, ಬಾಂಬ್ ಎಲ್ಲಿದೆ ಅಂತ ನಮಗೆ ಮೊದಲೇ ಗೊತ್ತು. ಅಂಥ ಕಡೆ ಒಂದು ಹಾಡು ಬಂದರೆ ಚಡಪಡಿಕೆ ಇನ್ನೂ ಹೆಚ್ಚುತ್ತೆ, ಕಮ್ಮಿಯಾಗಲ್ಲ.