ನೂರಕ್ಕೆ 42, ಪಾಸು

ನಿನ್ನೆ, ಅಂದರೆ 2024ರ ಕಡೇ ದಿನ, ಲೈಬ್ರರಿಯಲ್ಲಿ 180 ರೂಪಾಯಿ ಕಟ್ಟಿ ಬಂದೆ. ಪುಸ್ತಕ ತಡವಾಗಿರಲಿಲ್ಲ, ಹರಿದಿರಲಿಲ್ಲ, ಅದರ ಮೇಲೆ ಚಹಾ ಚೆಲ್ಲಿರಲಿಲ್ಲ. ಕೌಂಟರಿನಲ್ಲಿ ಕೂತವರು ಸುಮ್ನೆ ಒಂದು ಪುಟ ತಿರುವಿದರು. ನನ್ನ ಮುಖ ನೋಡಿದರು. ಮತ್ತೆ ಪುಟ ನೋಡಿದರು. ತುಂಬ ಕೆಂಪು ಶಾಯಿ.

"ಏನ್ರೀ ಸರ, ಇದು ಪುಸ್ತಕನೋ, ಪರೀಕ್ಷಾ ಪೇಪರೋ?"

ಏನಂತ ಹೇಳೋದು? ನಮ್ಮಪ್ಪ ಕನ್ನಡ ಮಾಸ್ತರು. ರಿಟೈರ್ ಆಗಿ 17 ವರ್ಷ ಆಯ್ತು, ಆದರೆ ಅವರ ಕೆಂಪು ಪೆನ್ನಿಗೆ ಇನ್ನೂ ಯಾರೂ ಬೀಳ್ಕೊಡುಗೆ ಸಮಾರಂಭ ಮಾಡಿಲ್ಲ. ನಾನು ತಂದ ಪುಸ್ತಕ ಟೇಬಲ್ ಮೇಲೆ ಒಂದು ರಾತ್ರಿ ಉಳಿದರೆ ಹೆಚ್ಚು. ಮುಂಜಾನೆ ಹುಡುಕಿದರೆ ಅಪ್ಪನ ಮಂಚದ ಮೇಲಿರುತ್ತದೆ, ಹತ್ತನೇ ಪುಟದವರೆಗೆ ತಿದ್ದಿಸಿಕೊಂಡು. ಕಥೆಯ ಗೊಡವೆ ಅವರಿಗೆ ಆಮೇಲೆ. ಮೊದಲು ಕಾಗುಣಿತ.

ಕತೆಗಾರರೊಬ್ಬರು "ಮದ್ಯರಾತ್ರಿ ಮನೆಗೆ ಬಂದ" ಅಂತ ಬರೆದಿದ್ದರು. ಅಂಚಿನಲ್ಲಿ ಅಪ್ಪ: "ಹಾಗಾದರೆ ಬಾಗಿಲು ತೆರೆಯಬೇಡಿ." ಇನ್ನೊಂದು ಕಡೆ "ಉಚ್ಛಾರ". ಅಲ್ಲಿ: "ಇಷ್ಟು ಉಸಿರು ಬೇಡ." ಅರ್ಕಾವತ್ತು ಎಲ್ಲೆಲ್ಲೋ ಹಾರಿದ್ದ ಒಂದು ಪುಸ್ತಕಕ್ಕೆ ನಾನೇ ವಕೀಲನಾದೆ. ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ಬದಲಿಸುವಾಗ ಒತ್ತು, ಅರ್ಕಾವತ್ತು ಹೀಗೆ ಕೆಡುವುದುಂಟು, ಬರೆದವರ ತಪ್ಪಲ್ಲ ಅಂತ ವಿವರಿಸಿದೆ. ಅಪ್ಪ ಪೂರ್ತಿ ಕೇಳಿದರು. ಆಮೇಲೆ, "ಹಂಗಾದ್ರ ಕಂಪ್ಯೂಟರ್‌ನ ಬೆಂಚಿನ ಮ್ಯಾಲೆ ನಿಂದರಸು" ಅಂದರು.

ಕೊನೇ ಪುಟದಲ್ಲಿ ಅಂಕ, ಕೆಳಗೆ ಎರಡು ಗೆರೆ, ಚಿಕ್ಕ ಸಹಿ. ನಿನ್ನೆಯ ಪುಸ್ತಕಕ್ಕೆ ಸಿಕ್ಕಿದ್ದು 42.

"ಅಪ್ಪಾ, ಇವ್ರಿಗೆ ಪ್ರಶಸ್ತಿ ಬಂದೈತಿ."

"ಅದಕ್ಕ 42 ಕೊಟ್ಟೀನಿ. ಇಲ್ಲಂದ್ರ 30."

ಪೆನ್ಸಿಲ್ ಕೊಟ್ಟು ನೋಡಿದೆ. "ಅದು ಹುಡುಗ್ರಿಗೆ" ಅಂದರು. ರೀಫಿಲ್ ಮುಗಿದರೆ ತರುವವನೂ ನಾನೇ. ಕೆಂಪಂದು, ತೆಳು ತುದಿದು. ನನ್ನ ದುಡ್ಡಿನ ಪುಸ್ತಕ, ನನ್ನ ದುಡ್ಡಿನ ಶಾಯಿ, ಏನಾದರೂ ಮಾಡಿಕೊಳ್ಳಲಿ ಅಂತ ಬಿಟ್ಟಿದ್ದೆ. ಲೈಬ್ರರಿ ಪುಸ್ತಕ ಮಾತ್ರ ಜೋಳದ ಚೀಲದ ಹಿಂದೆ ಅಡಗಿಸಿಡುತ್ತಿದ್ದೆ. ಆದರೆ ನಾಲ್ವತ್ತು ವರ್ಷ ಹುಡುಗರ ಚೀಟಿ ಹಿಡಿದವರಿಗೆ ಜೋಳದ ಚೀಲ ಯಾವ ಲೆಕ್ಕ?

ಈ ರೋಗ ಹಳೇದು. ಆಲಮಟ್ಟಿ ಹಿನ್ನೀರು ಬರುತ್ತದೆ ಅಂತ ಹಳೇ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಹೊರಟ ದಿನ, ಟ್ರ್ಯಾಕ್ಟರಿಗೆ ಮೊದಲು ಏನು ಏರಬೇಕು ಅಂತ ದೊಡ್ಡ ಜಗಳ. ಅವ್ವನಿಗೆ ತಾಮ್ರದ ಹಂಡೆ, ಅಪ್ಪನಿಗೆ ಪುಸ್ತಕ. ಕೊನೆಗೆ ಹಂಡೆಯೊಳಗೇ ಪುಸ್ತಕ ತುಂಬಿ ರಾಜಿಯಾಯಿತು. ಆ ಹಂಡೆ ಈಗಲೂ ಇದೆ. ಅದರಲ್ಲಿ ಈಗಲೂ ನೀರು ಕಾಯಿಸಿಲ್ಲ.

ಇನ್ನು ನನ್ನ ವರ್ಷದ ಓದು. ಜನವರಿಯಲ್ಲಿ ಗೆಳೆಯನೊಬ್ಬ ಹೋದ ವರ್ಷ ಓದಿದ 52 ಪುಸ್ತಕದ ಮುಖಪುಟ ಸಾಲಾಗಿ ಜೋಡಿಸಿ ಫೋಟೋ ಕಳಿಸಿದ್ದ. ಹೊಟ್ಟೆ ಉರಿದು 24 ಅಂತ ಗುರಿ ಇಟ್ಟೆ. ತಿಂಗಳಿಗೆ ಎರಡು, ಏನು ಮಹಾ! ಡಿಸೆಂಬರಿನಲ್ಲಿ ಎಣಿಸಿದರೆ ಒಂಬತ್ತು. ಸಂಜೆ ಮಗಳ ಹೋಂವರ್ಕ್, ರಾತ್ರಿ ನಾಲ್ಕು ಪುಟಕ್ಕೆ ಪುಸ್ತಕ ಎದೆ ಮೇಲೆ. ನಿಮ್ಮ ಮನೆಯಲ್ಲೂ ಇದೇ ಅಲ್ವಾ?

ಹತ್ತಾದರೂ ಆಗಲಿ ಅಂತ ಸೋಮವಾರ ಎಳ್ಳ ಅಮಾವಾಸ್ಯೆಗೆ ಬೀಳಗಿ ಕಡೆಯ ನಮ್ಮ ಹೊಲಕ್ಕೆ ಹೋಗುವಾಗ ರೊಟ್ಟಿ ಬುಟ್ಟಿಯ ಜೊತೆ ಒಂದು ಪುಸ್ತಕವನ್ನೂ ಇಟ್ಟುಕೊಂಡೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿದೆವು. ಜೋಳದ ಬೆಳೆಯ ಸುತ್ತ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲಿದೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಆಮೇಲೆ ಶೇಂಗಾ ಹೋಳಿಗೆ ಮೂರು. ಮೂರನೇದಕ್ಕೆ ಕಣ್ಣು ಎಳೆಯುತ್ತಿತ್ತು. ಆದರೂ ಹಟ ಹಿಡಿದು ಪುಸ್ತಕ ತೆಗೆದೆ.

"ಜೋರಾಗಿ ಓದೋ ತಮ್ಮಾ. ಚಾಳೀಸು ಮನ್ಯಾಗ ಬಿಟ್ಟು ಬಂದೀನಿ."

ಕನ್ನಡಕ ಅಪ್ಪನ ಅಂಗಿಯ ಕಿಸೆಯಲ್ಲೇ ಇತ್ತು. ಮಗಳು ನೋಡಿ, "ಮುತ್ಯಾ, ನಿನ್ನ..." ಅಂತ ಬಾಯಿ ತೆರೆದಳು. ನನ್ನ ಹೆಂಡತಿ ಆ ಬಾಯಿಗೆ ಒಂದು ತುಂಡು ಹೋಳಿಗೆ ಇಟ್ಟಳು. ಯಾಕೆ ಅಂತ ನನಗೆ ಆಗ ಹೊಳೆಯಲಿಲ್ಲ.

ಒಂದೂವರೆ ತಾಸು, 11 ಪುಟ. ಪ್ರತಿ ಸಾಲಿಗೂ ತಡೆ. "ದೀರ್ಘ ತಗೋ." "ಅಲ್ಲಿ ಉಸಿರು ಬಿಡು." "ಆ ಹೆಣ್ಣಮಗಳು ಅಳಾಕತ್ತಾಳ, ನೀ ಬಸ್ಸಿನ ಬೋರ್ಡ್ ಓದಿದಂಗ ಓದ್ತಿ." ಅವ್ವ ಕಡಲೆಗಿಡ ಬಿಡಿಸುತ್ತ ನಗುತ್ತಿದ್ದಳು. ಮಗಳು ಮಧ್ಯೆ ಮಧ್ಯೆ "ಮುಂದೇನಾತು?" ಅನ್ನುತ್ತಿದ್ದಳು. ಹತ್ತನೇ ಪುಸ್ತಕ ಮುಗಿಯಲಿಲ್ಲ. ನನಗೂ ಏಳಬೇಕು ಅನ್ನಿಸಲಿಲ್ಲ.

ಮತ್ತೆ ಕೌಂಟರಿಗೆ ಬರೋಣ. ಆ ಮನುಷ್ಯರು ಒಂದೊಂದೇ ಪುಟ ತಿರುವುತ್ತ ಅಪ್ಪನ ಟಿಪ್ಪಣಿ ಓದತೊಡಗಿದರು. ಎರಡು ಸಲ ನಕ್ಕರು. "ತಪ್ಪು ಹಿಡದದ್ದು ಬರೋಬ್ಬರಿ ಐತ್ರಿ" ಅಂದಾಗ ದಂಡ ತಪ್ಪಿತು ಅಂತ ಹಿಗ್ಗಿದೆ. "180 ಕಟ್ರಿ" ಅಂದರು.

ಆಮೇಲೆ ಪುಟ 140ಕ್ಕೆ ನಿಂತರು. "ಇದು ಸರೀನ ಐತಲ್ರಿ?"

ಬಗ್ಗಿ ನೋಡಿದೆ. ಸರಿಯಾದ ಶಬ್ದಕ್ಕೇ ಕೆಂಪು ಸುತ್ತು. ತಪ್ಪು ಇದ್ದದ್ದು ಅದರ ಮೇಲಿನ ಸಾಲಿನಲ್ಲಿ. ಮುಂದಿನ ಪುಟಗಳಲ್ಲೂ ಹಾಗೇ. ಗೆರೆಗಳು ಒಂದೊಂದು ಸಾಲು ಕೆಳಗೆ ಜಾರಿದ್ದವು. ಮನೆಯಲ್ಲಿರುವ ಜನವರಿಯ ಪುಸ್ತಕದಲ್ಲಿ ಗೆರೆ ಸ್ಕೇಲ್ ಇಟ್ಟು ಎಳೆದಂತಿದೆ.

"ಅದೂ ತಪ್ಪ ಇರಬೇಕ್ರಿ" ಅಂದೆ. ದುಡ್ಡು ಕೊಟ್ಟು ಪುಸ್ತಕ ಬಗಲಲ್ಲಿ ಇಟ್ಟುಕೊಂಡು ಬಂದೆ.

ಮನೆಯಲ್ಲಿ ವಿಚಾರಿಸಿದರೆ, ಕಣ್ಣಿಗೆ ಪೊರೆ ಬಂದದ್ದು ಹೆಂಡತಿಗೂ ಅವ್ವನಿಗೂ ದೀಪಾವಳಿಯಿಂದಲೇ ಗೊತ್ತು. ಆಪರೇಷನ್ ಸಂಕ್ರಾಂತಿ ಆದ ಮೇಲೆ ಅಂತ ಅಪ್ಪನೇ ತೀರ್ಮಾನ ಮಾಡಿಯಾಗಿದೆ. ನನಗೆ ಯಾಕೆ ಹೇಳಲಿಲ್ಲ? "ನೀ ಪುಸ್ತಕ ತರೂದು ಬಿಟ್ಟರ ಅಂತ ಹೇಳಬ್ಯಾಡ ಅಂದ್ರು."

ರಾತ್ರಿ ಒಂದು ಹಾಳೆಯಲ್ಲಿ ವರ್ಷದ ಒಂಬತ್ತು ಪುಸ್ತಕ ಬರೆದು, ಮೇಲೆ "ಗುರಿ: 24" ಅಂತ ದಪ್ಪಗೆ ಬರೆದು ಟೇಬಲ್ ಮೇಲೆ ಬಿಟ್ಟೆ. ಮುಂಜಾನೆ ಅದೂ ತಿದ್ದಿಸಿಕೊಂಡು ಬಂದಿತ್ತು. ಎರಡು ಕಾಗುಣಿತ ತಪ್ಪು. ಒಂದರ ಸುತ್ತು ಅರ್ಧ ಹಾಳೆಯ ಮೇಲೆ, ಅರ್ಧ ಟೇಬಲ್ಲಿನ ಹಾಸಿನ ಮೇಲೆ. ಕೆಳಗೆ ಲೆಕ್ಕ: ನೂರಕ್ಕೆ 37.5. ಪಾಸು. ಅದರ ಕೆಳಗೆ "ಪಾಲಕರ ಸಹಿ" ಅಂತ ಗೆರೆ ಎಳೆದು, ಅಲ್ಲೂ ತಾವೇ ಸಹಿ ಮಾಡಿದ್ದರು.