ಬರ್ಲಿನ್‌ನ ಮನೆ, ಟಿಳಕವಾಡಿಯ ತಲೆನೋವು

ಮಗಳಿಗೆ ಬರ್ಲಿನ್‌ನಲ್ಲಿ ಬಾಡಿಗೆ ಮನೆ ಹುಡುಕುವ ಶಿಕ್ಷೆ ಬೆಳಗಾವಿಯ ಟಿಳಕವಾಡಿಯಲ್ಲಿ ಕುಳಿತ ನಮಗೆ! ಪ್ರತಿ ಜಾಹೀರಾತೂ ‘ನಗರದ ಮಧ್ಯಭಾಗಕ್ಕೆ ಹತ್ತಿರ’ ಎನ್ನುತ್ತದೆ. 1961ರಿಂದ 1989ರವರೆಗೆ ಗೋಡೆ ಸೀಳಿದ್ದ ಊರದು. ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಕೇಂದ್ರ. ಯಾವ ಮಧ್ಯಕ್ಕೆ ಹತ್ತಿರ? ಪ್ರೆನ್ಸ್‌ಲಾವರ್ ಬರ್ಗ್ ಕೈಗೆಟುಕದು, ಸ್ಪಾಂಡೌ ದೂರ, ನಾಯ್‌ಕೋಲ್ನ್ ಗದ್ದಲವಂತೆ. ದಪ್ಪಕ್ಷರದಲ್ಲಿ ತೋರಿಸುವ ಬಾಡಿಗೆಯಲ್ಲಿ ಕೋಣೆ ಬೆಚ್ಚಗಿಡುವ ಖರ್ಚು ಸೇರಿರುವುದೇ ಇಲ್ಲ. ಅಡುಗೆಮನೆಯ ಕಥೆಯನ್ನಂತೂ ಕೇಳಲೇಬೇಡಿ: ಎಷ್ಟೋ ಕಡೆ ಹಿಂದಿನ ಬಾಡಿಗೆದಾರರು ಒಲೆ, ಕಪಾಟು, ಸಿಂಕ್ ಎಲ್ಲವನ್ನೂ ಕಿತ್ತುಕೊಂಡು ಹೋಗಿರುತ್ತಾರೆ. ಉಳಿಯುವುದು ನಾಲ್ಕು ಗೋಡೆ, ಒಂದು ನಲ್ಲಿ. ಮೇಲೆ ಮೂರು ತಿಂಗಳ ಬಾಡಿಗೆಯಷ್ಟು ಠೇವಣಿ ಬೇರೆ. ಇದರ ನಡುವೆ ಗೋಕಾಕದಿಂದ ಸೋದರಮಾವನ ಫೋನು: “ಬಾಗಿಲು ಪೂರ್ವಕ್ಕಿದೆಯೇನಪ್ಪಾ?” ಮನೆಯೇ ಪೂರ್ವ ಬರ್ಲಿನ್‌ನಲ್ಲಿದೆ ಮಾವ ಎಂದು ಹೇಳಿ ಫೋನ್ ಇಟ್ಟೆ.