ಬೀಳೋ ಹಲ್ಲಿಗೆ ಯಾಕೆ ರೊಕ್ಕ?

ಮೊನ್ನೆ ಮಗಳ ದವಡೆಯ ಹಾಲುಹಲ್ಲಿಗೆ ಬಿಳಿ ಫಿಲ್ಲಿಂಗ್ ಹಾಕಿಸಿಕೊಂಡು ಬಂದೆ. ಚಪ್ಪಲಿ ಬಿಡುವಷ್ಟರಲ್ಲೇ ಅತ್ತೆ ಕೇಳಿದರು, "ಬೀಳೋ ಹಲ್ಲಿಗಿ ಯಾಕವ್ವ ಇಷ್ಟ ರೊಕ್ಕ? ಅದೂ ಬಿಳೀದೇ ಬೇಕಿತ್ತಾ?" ಅವರು ಬೈದದ್ದಲ್ಲ. ಹೊಲದಲ್ಲಿ ತೊಗರಿ ಸರಿಯಾಗಿ ಬಂದಿಲ್ಲ, ಮನೆಯಲ್ಲಿ ಒಂದೊಂದು ರೂಪಾಯಿಗೂ ಲೆಕ್ಕ ಇದೆ. ಆದರೆ ನಮ್ಮ ಕಲಬುರಗಿಯಲ್ಲಿ ಈ ಪ್ರಶ್ನೆ ಎಷ್ಟು ಮನೆಗಳಲ್ಲಿ ಕೇಳಿದ್ದೇನೆ ಅಂದರೆ, ಬರೆಯದೇ ಇರಲು ಆಗಲಿಲ್ಲ.

ಇದೇ ಮಾತು ಕೇಳಿ ನನ್ನ ಮಗನ ಹಲ್ಲು ಕಳೆದುಕೊಂಡೆ. ಅವನಿಗೆ 6 ವರ್ಷ ಇದ್ದಾಗ ಕೆಳಗಿನ ಕೊನೇ ಹಾಲುಹಲ್ಲಿಗೆ ಹುಳ ಹತ್ತಿತ್ತು. ರಾತ್ರಿ ಅಳುತ್ತಿದ್ದ. ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿ ಇಟ್ಟು ಮಲಗಿಸುತ್ತಿದ್ದೆ. ನಾಲ್ಕು ತಿಂಗಳು ಹೀಗೇ ತಳ್ಳಿದೆ. ಕೊನೆಗೆ ಕೆನ್ನೆ ಊದಿಕೊಂಡಿತು, ಒಂದು ಕ್ಲಿನಿಕ್‌ನಲ್ಲಿ ಕಿತ್ತು ಕಳಿಸಿದರು. ಖಾಲಿ ಜಾಗ ಕಾಯಲು ಏನಾದರೂ ಹಾಕಿಸಬೇಕು ಅಂತ ಅವರು ಹೇಳಲಿಲ್ಲ, ನನಗೂ ಕೇಳಬೇಕು ಅಂತ ಗೊತ್ತಿರಲಿಲ್ಲ. ಆ ಹಲ್ಲು ತಾನಾಗಿ ಬೀಳುವುದು 10–12ನೇ ವಯಸ್ಸಿಗೆ. ಅಷ್ಟರಲ್ಲಿ ಅದರ ಹಿಂದೆ ಹುಟ್ಟಿದ ಹೊಸ ದವಡೆಹಲ್ಲು ಮುಂದೆ ಸರಿದುಬಿಟ್ಟಿತು. ಈಗ ಅವನಿಗೆ 13. ಬರಬೇಕಾದ ಹಲ್ಲು ಜಾಗ ಸಿಗದೆ ನಾಲಿಗೆ ಕಡೆಗೆ ಓರೆಯಾಗಿ ಬಂದಿದೆ. ಕಟಕ್ ರೊಟ್ಟಿ ಒಂದೇ ಕಡೆ ಅಗಿಯುತ್ತಾನೆ.

ಹಾಲುಹಲ್ಲು ಅಂದರೆ ನಮ್ಮ ಕಣ್ಣಿಗೆ ಬರೋದು ಮುಂದಿನ ಹಲ್ಲು. ಅವು 6–7ಕ್ಕೆ ಬೀಳುತ್ತವೆ, ನಿಜ. ಹಿಂದಿನವು ಇನ್ನೂ ನಾಲ್ಕೈದು ವರ್ಷ ಇರಬೇಕು. ಅವುಗಳ ಮೇಲ್ಪದರ ದೊಡ್ಡವರ ಹಲ್ಲಿಗಿಂತ ತೆಳು, ನರವೂ ಹತ್ತಿರ. ಹುಳುಕು ಒಳಗಿಳಿಯಲು ಜಾಸ್ತಿ ದಿನ ಬೇಕಿಲ್ಲ. ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ಬೋರ್ ನೀರಿನ ಫ್ಲೋರೈಡ್‌ನಿಂದ ಎಷ್ಟೋ ಹಳ್ಳಿಗಳಲ್ಲಿ ಹಲ್ಲು ಕಂದಾಗಿರುತ್ತೆ. ಹಾಗಾಗಿ ಮಗುವಿನ ಹಲ್ಲಲ್ಲಿ ಕಪ್ಪು ಕಂಡರೂ "ನೀರಿಂದು ಅದ" ಅಂತ ಸುಮ್ನಾಗುತ್ತೇವೆ. ಹಾಲುಹಲ್ಲಿಗೆ ಆ ಕಲೆ ಕಮ್ಮಿ. ಕಪ್ಪು ಕಂಡರೆ ತೋರಿಸಿಬಿಡಿ.

ಇನ್ನು ಬಿಳೀದೇ ಯಾಕೆ ಅನ್ನೋದು. ಶೋಕಿಗಲ್ಲ. ಹಳೇ ಬೆಳ್ಳಿ ಬಣ್ಣದ ಫಿಲ್ಲಿಂಗ್‌ನಲ್ಲಿ ಸುಮಾರು ಅರ್ಧ ಪಾದರಸ. ತೀರಾ ಅಗತ್ಯ ಇದ್ದರೆ ಬಿಟ್ಟು, 15 ವರ್ಷದೊಳಗಿನ ಮಕ್ಕಳಿಗೆ ಅದು ಬೇಡ ಅಂತ, ಪಾದರಸದ ಬಳಕೆ ತಗ್ಗಿಸಲು ಮಾಡಿಕೊಂಡ ಮಿನಮಾಟ ಒಪ್ಪಂದದ ದೇಶಗಳು 2022ರಲ್ಲಿ ತೀರ್ಮಾನಿಸಿವೆ. ಭಾರತವೂ ಆ ಒಪ್ಪಂದದಲ್ಲಿದೆ. ಅದೂ ಅಲ್ಲದೆ, ಬೆಳ್ಳಿ ಫಿಲ್ಲಿಂಗ್ ನಿಲ್ಲಬೇಕಾದರೆ ಒಳ್ಳೆ ಹಲ್ಲನ್ನೂ ಒಂದಿಷ್ಟು ಕೊರೆಯಬೇಕು. ಬಿಳೀದು ಹಲ್ಲಿಗೇ ಅಂಟಿಕೊಳ್ಳುತ್ತೆ.

ಮಗಳಿಗೆ ಹಾಕುವಾಗ ಪಕ್ಕದಲ್ಲೇ ನಿಂತಿದ್ದೆ. ಹುಳುಕು ತೆಗೆದು, ಕೆನ್ನೆಯೊಳಗೆ ಹತ್ತಿಯ ಸುರುಳಿ ಇಟ್ಟು ಹಲ್ಲು ಒಣಗಿಸಿದರು. ಎಂಜಲು ತಾಗಿದರೆ ಹಿಡಿಯಲ್ಲವಂತೆ. ಮೇಣದಂಥ ಮುದ್ದೆಯನ್ನು ಚೂರು ಚೂರೇ ಒತ್ತಿ, ಪ್ರತಿ ಸಲ ನೀಲಿ ಬೆಳಕು ಹಿಡಿದರು. "ಇಪ್ಪತ್ತು ಎಣಿಸು ಪುಟ್ಟಿ" ಅಂದರು ಡಾಕ್ಟರು. ಬಾಯಿ ತೆರೆದೇ ಇತ್ತಲ್ಲ, ಅವಳು ಬೆರಳು ಮಡಚಿ ಮಡಚಿ ಎಣಿಸಿದಳು. ಕೊನೆಗೆ ಬಣ್ಣದ ಕಾಗದ ಕಚ್ಚಿಸಿ, ಗುರುತು ಬಿದ್ದ ಕಡೆ ಉಜ್ಜಿ ಮಟ್ಟ ಮಾಡಿದರು. ಹಲ್ಲು ಯಾವುದು, ಫಿಲ್ಲಿಂಗ್ ಯಾವುದು ನನಗೇ ತಿಳಿಯಲಿಲ್ಲ.

ಸುಮ್ನೆ ಕೂರದ ಚಿಕ್ಕ ಮಕ್ಕಳಿಗೆ ಗ್ಲಾಸ್ ಅಯನೋಮರ್ ಅಂತ ಇನ್ನೊಂದು ಫಿಲ್ಲಿಂಗ್ ಇದೆ. ಅದೂ ಬಿಳೀದೇ. ಸ್ವಲ್ಪ ತೇವ ಇದ್ದರೂ ಹಿಡಿಯುತ್ತೆ, ಫ್ಲೋರೈಡ್ ಬಿಡುತ್ತೆ, ಆದರೆ ಬೇಗ ಸವೆಯುತ್ತೆ. ಹುಳುಕು ನರಕ್ಕೆ ಮುಟ್ಟಿದ್ದರೆ ಮಾತ್ರ ಬಿಳೀದಕ್ಕೆ ಹಟ ಮಾಡಬೇಡಿ. ಆಗ ನರದ ಚಿಕಿತ್ಸೆ ಮಾಡಿ ಸ್ಟೀಲ್ ಕ್ಯಾಪ್ ಹಾಕೋದೇ ಗಟ್ಟಿ. ಚೆಂದ ಕಾಣಲ್ಲ, ಆದರೆ ಹಲ್ಲು ಉಳಿಯುತ್ತೆ.

ಖರ್ಚಿನ ಚಿಂತೆ ಇದ್ದವರಿಗೆ ಊರಲ್ಲೇ ಎಸ್. ನಿಜಲಿಂಗಪ್ಪ, ಅಲ್-ಬದರ್ ದಂತ ಕಾಲೇಜುಗಳಿವೆ. ಹೋಗಿ ಮಕ್ಕಳ ವಿಭಾಗ ಎಲ್ಲಿ ಅಂತ ಕೇಳಿ.

ಸೋಮವಾರ ಮಗನನ್ನು ಕರೆದುಕೊಂಡು ಹೋಗುತ್ತಿದ್ದೇನೆ. ತಂತಿ ಹಾಕಿಸಬೇಕಂತೆ. ಅದರ ಖರ್ಚು ಎಷ್ಟು ಅಂತ ಅತ್ತೆಗೆ ಇನ್ನೂ ಹೇಳಿಲ್ಲ.